ಚಪ್ಪಾಳೆ ಬಿದ್ದ ಜಾಮೀನು

ಸರಕಾರಿ ಅಧಿಕಾರಿಗಳಿಗೆ ಮಾನವ ಹಕ್ಕು ಕಲಿಸುವ ಪುಣ್ಯದ ಕೆಲಸ ನಾನಾಗಿ ಬೇಡಿ ಪಡೆದದ್ದಲ್ಲ. ಬೈಲಹೊಂಗಲದ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಹೆಡ್‌ಮಾಸ್ತರರ ಜೊತೆ ಜಗಳ ತೆಗೆದು ಬಿಟ್ಟು ಬಂದೆ. ಮನೆಯಲ್ಲಿ ಕುಳಿತರೆ ಅವ್ವ ವರಗಳ ಫೋಟೋ ಹರಡುತ್ತಾಳೆಂಬ ಹೆದರಿಕೆಗೆ, ಹೆಣ್ಣುಮಕ್ಕಳ ಉಳಿತಾಯ ಸಂಘ ಕಟ್ಟುವ ಒಂದು ಸಣ್ಣ ಸಂಸ್ಥೆಗೆ ಸೇರಿಕೊಂಡೆ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಒಂದು ದಿನ ಬೆಂಗಳೂರಿನಿಂದ ಅಪ್ಪಣೆ ಬಂತು. ಹೊರದೇಶದ ದೊಡ್ಡ ಸಂಸ್ಥೆಯೊಂದು ತಾಲೂಕಿನ ಅಧಿಕಾರಿಗಳಿಗೆ ಎರಡು ದಿನದ ತರಬೇತಿ ಕೊಡಿಸುತ್ತದೆ, ಅಲ್ಲಿಂದ ತಜ್ಞೆಯೊಬ್ಬರು ಬರುತ್ತಾರೆ, ಬೈಲಹೊಂಗಲ, ಸವದತ್ತಿ, ರಾಮದುರ್ಗದ ಸಾಹೇಬರುಗಳನ್ನೆಲ್ಲ ಒಂದು ಕಡೆ ಕೂಡಿಸುವುದು, ಊಟ ಹಾಕಿಸುವುದು, ತಜ್ಞೆಯ ಇಂಗ್ಲಿಷನ್ನು ಕನ್ನಡಕ್ಕೆ ತರುವುದು ಎಲ್ಲ ನಿನ್ನ ಪಾಲಿನದು. ಇಡೀ ಸಂಸ್ಥೆಯಲ್ಲಿ ಇಂಗ್ಲಿಷ್ ಬರುತ್ತಿದ್ದದ್ದು ನನಗೊಬ್ಬಳಿಗೇ. ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ.

ಅಪ್ಪನಿಗೆ ಪೇಟೆಯಲ್ಲಿ ಅರಿವೆ ಅಂಗಡಿ. ಸುದ್ದಿ ಹೇಳಿದಾಗ ಗಿರಾಕಿಗೆ ಕುಪ್ಪಸದ ಖಣ ಅಳೆಯುತ್ತಿದ್ದರು. ಕೈ ನಿಲ್ಲಿಸದೆ ಕೇಳಿದರು.

"ಯಾಕವಾ, ಅವರಿಗೆ ಹಕ್ಕು ಕಮ್ಮಿ ಬಿದ್ದಾವೇನು?"

"ಅವರ ಹಕ್ಕಲ್ಲಪ್ಪಾ. ಮಂದಿ ಹಕ್ಕು. ಮಂದಿಗೆ ಏನೇನ ಹಕ್ಕ ಅದಾವು ಅಂತ ಅವರಿಗೆ ಹೇಳಿಕೊಡೂದು."

"ಹಂಗಾದ್ರ ಯಾರೂ ಬರೂದಿಲ್ಲ ಬಿಡು" ಎಂದು ಖಣ ಪರ್‍ರನೆ ಹರಿದು ಗಿರಾಕಿಯ ಕೈಗಿಟ್ಟರು.

ಅಪ್ಪನ ಮಾತು ಸುಳ್ಳಾಯಿತು. ಎಲ್ಲರೂ ಬರುತ್ತೇವೆಂದರು. ಜಿಲ್ಲೆಯಿಂದ ಆದೇಶ ಹೊರಟಿತ್ತು, ಅದು ಒಂದು ಕಾರಣ. ಉಳಿದ ಕಾರಣಗಳು ನಾನು ಆಮಂತ್ರಣ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವಾಗ ಒಂದೊಂದಾಗಿ ಹೊರಬಿದ್ದವು. ಒಬ್ಬರು ಊಟಕ್ಕೆ ಏನಿರುತ್ತದೆ ಎಂದು ವಿಚಾರಿಸಿದರು. ಇನ್ನೊಬ್ಬರು ಸರ್ಟಿಫಿಕೇಟಿನ ಮೇಲೆ ಇಂಟರ್‌ನ್ಯಾಷನಲ್ ಎಂಬ ಶಬ್ದ ಇರುತ್ತದೋ ಇಲ್ಲವೋ ಎಂದು ಮೂರು ಸಲ ಖಾತ್ರಿ ಮಾಡಿಕೊಂಡರು. ಮತ್ತೊಬ್ಬರಿಗೆ ಆ ಮೇಡಂ ಜೊತೆ ಫೋಟೋ ತೆಗೆಸಲು ಆಗುತ್ತದೋ ಎಂಬ ಚಿಂತೆ. ಮಾನವ ಹಕ್ಕು ಎಂದರೇನು ಎಂದು ಕೇಳಿದವರು ಒಬ್ಬ ಜವಾನರು ಮಾತ್ರ. ಅವರನ್ನು ಕರೆಯಲು ಆದೇಶದಲ್ಲಿ ಜಾಗವಿರಲಿಲ್ಲ.

ಎಲ್ಲಿ ನಡೆಸಬೇಕು ಎಂಬುದಕ್ಕೇ ಒಂದು ಯುದ್ಧವಾಯಿತು. ಬೈಲಹೊಂಗಲದಲ್ಲಿ ಇಟ್ಟರೆ ಸವದತ್ತಿಯವರಿಗೆ ಮುನಿಸು, ಸವದತ್ತಿಯಲ್ಲಿ ಇಟ್ಟರೆ ರಾಮದುರ್ಗದವರಿಗೆ ದೂರ, ರಾಮದುರ್ಗದಲ್ಲಿ ಇಟ್ಟರೆ ಎಲ್ಲರಿಗೂ ದೂರ. ಕೊನೆಗೆ ಕಿತ್ತೂರು ಎಂದೆ. ಅದು ಆಗ ಯಾರ ತಾಲೂಕಿನ ಕೇಂದ್ರವೂ ಆಗಿರಲಿಲ್ಲ, ಹೆದ್ದಾರಿಗೆ ಹತ್ತಿತ್ತು, ಮೇಡಂ ಬೆಳಗಾವಿಯಿಂದ ಕಾರಿನಲ್ಲಿ ನೆಟ್ಟಗೆ ಬಂದಿಳಿಯಬಹುದಿತ್ತು. ಅಲ್ಲಿ ಒಂದು ಮದುವೆ ಹಾಲ್ ಹಿಡಿದೆ. ವೇದಿಕೆಯ ಹಿಂದೆ ಹಿಂದಿನ ಮದುವೆಯ ಥರ್ಮಾಕೋಲ್ ಹಂಸಗಳು ಹಾಗೇ ಇದ್ದವು. ಅವುಗಳ ಕೊರಳಿಗೆ ಅಡ್ಡಲಾಗಿ ನಮ್ಮ ಬ್ಯಾನರ್ ಕಟ್ಟಿದೆವು.

ಮೇಡಂ ಬಂದರು. ಎತ್ತರದ ಆಳು, ಬೆಳ್ಳಿಗೂದಲು, ತಮ್ಮ ಚಳಿದೇಶದಲ್ಲಿ ಬಹಳ ವರ್ಷ ನ್ಯಾಯಾಧೀಶರಾಗಿದ್ದವರು. ಮೊದಲ ದಿನ ಅವರಿಗೆ ನಾವು ಮಾಡಿದ್ದನ್ನು ಸತ್ಕಾರ ಎಂದು ಕರೆಯುತ್ತಾರೆ. ನಮ್ಮ ಕಡೆ ಯಾವ ಕಾರ್ಯಕ್ರಮವೂ ಸತ್ಕಾರವಿಲ್ಲದೆ ಶುರುವಾಗುವುದಿಲ್ಲ. ಮೇಡಂಗೆ ಮೂರು ತಾಲೂಕಿನಿಂದ ಮೂರು ಹಾರ, ಮೂರು ಶಾಲು, ತಲೆಗೊಂದು ಕೆಂಪು ರುಮಾಲು. ಆಮೇಲೆ ಬಂದ ಸಾಹೇಬರುಗಳಿಗೆ, ಆಮೇಲೆ ಸಾಹೇಬರುಗಳನ್ನು ಸತ್ಕರಿಸಿದವರಿಗೆ. ಊಟದ ಹೊತ್ತಾದರೂ ಹಾರ ಮುಗಿಯಲಿಲ್ಲ. ಯಾವಾಗ ಶುರು ಮಾಡುವುದು ಎಂದು ಮೇಡಂ ಕಿವಿಯಲ್ಲಿ ಕೇಳಿದರು. ಶುರುವಾಗಿದೆ ಎಂದೆ.

ಅವರಿಗೆ ಸಿಟ್ಟು ಬಂತು. ಮೈಕಿನಲ್ಲಿ, ಅರ್ಧ ದಿನ ಹಾಳಾಯಿತು, ನಾನು ಇಷ್ಟು ದೂರ ಬಂದದ್ದು ಹೂವು ಹೊರಲಿಕ್ಕಲ್ಲ ಎಂದರು. ಅವರ ಉಚ್ಚಾರಣೆ ಸಾಹೇಬರುಗಳಿಗೆ ಹಿಡಿಯಲಿಲ್ಲ. ನಾನು ಅದನ್ನು ಕನ್ನಡದಲ್ಲಿ, ನಿಮ್ಮ ಆದರಕ್ಕೆ ಮೇಡಂ ಮೂಕರಾಗಿದ್ದಾರೆ ಎಂದೆ. ಎಲ್ಲರೂ ಚಪ್ಪಾಳೆ ಬಡಿದರು. ಮೇಡಂಗೆ ತಮ್ಮ ಬೈಗುಳಕ್ಕೆ ಚಪ್ಪಾಳೆ ಯಾಕೆ ಬಿತ್ತೋ ತಿಳಿಯಲಿಲ್ಲ. ಮಧ್ಯಾಹ್ನ ಒಬ್ಬ ಸಾಹೇಬರು ಎದ್ದು, "ಈ ಮೇಡಂ ಬಾಯಾರಿಗೆ ನಮ್ಮ ತಿಪ್ಪಲಾ, ನಮ್ಮ ತ್ರಾಸ ಏನ ಗೊತ್ತೈತ್ರಿ? ಒಂದ ದಿನ ಬಂದ ನಮ್ಮ ಕುರ್ಚಿ ಮ್ಯಾಲೆ ಕುಂತ ನೋಡ್ರಿ ಅಂತ ಹೇಳ್ರಿ" ಎಂದರು. ಇವರು ತಮ್ಮ ಅನುಭವವನ್ನು ಹಂಚಿಕೊಳ್ಳಲು ನಿಮ್ಮನ್ನು ಕಚೇರಿಗೆ ಆಹ್ವಾನಿಸುತ್ತಿದ್ದಾರೆ ಎಂದು ಮೇಡಂಗೆ ಹೇಳಿದೆ. ಮೇಡಂ ಕೈಜೋಡಿಸಿ ನಮಸ್ಕಾರ ಮಾಡಿದರು. ಆ ಎರಡು ದಿನ ಕಿತ್ತೂರಿನಲ್ಲಿ ಶಾಂತಿ ಕಾಪಾಡಿದ್ದು ನಾನು. ಅದಕ್ಕೆ ನನಗೆ ಯಾರೂ ಶಾಲು ಹೊದಿಸಲಿಲ್ಲ.

ಎರಡನೆಯ ದಿನದ ಬಗ್ಗೆ ಮೇಡಂ ಹಿಂದಿನ ಸಂಜೆಯೇ ಪಟ್ಟು ಹಿಡಿದರು. ಭಾಷಣ ಸಾಕು, ಮಾಡಿ ತೋರಿಸಬೇಕು. ಪೊಲೀಸರು ಒಬ್ಬನನ್ನು ಹಿಡಿದು ತಂದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ, ಆ ಮ್ಯಾಜಿಸ್ಟ್ರೇಟರು ಏನು ಮಾಡಬೇಕು ಎಂಬುದನ್ನು ನಾಟಕದಂತೆ ಆಡಿಸಬೇಕು. ಮ್ಯಾಜಿಸ್ಟ್ರೇಟ್ ಆಗಲು ಒಬ್ಬ ತಹಶೀಲ್ದಾರರು ಒಪ್ಪಿದರು. ಮೂರರಲ್ಲಿ ಯಾವ ತಾಲೂಕಿನವರೆಂದು ಹೇಳಲಾರೆ, ಒಳ್ಳೆಯ ಮನುಷ್ಯರು. ನಿಜಕ್ಕೂ ಅದು ಅವರ ಕೆಲಸವೇ. ಊರಲ್ಲಿ ಹೊಡೆದಾಟವಾಗಿ ಶಾಂತಿ ಕದಡುತ್ತದೆಂದು ಪೊಲೀಸರು ಯಾರನ್ನಾದರೂ ಹಿಡಿದರೆ ಒಂದು ದಿನದೊಳಗೆ ತಹಶೀಲ್ದಾರರ ಮುಂದೆ ತಂದು ನಿಲ್ಲಿಸಬೇಕು. ಅವರು, ಇನ್ನು ಮೇಲೆ ಜಗಳವಾಡುವುದಿಲ್ಲ ಎಂದು ಮುಚ್ಚಳಿಕೆ ಬರೆಸಿಕೊಂಡು ಜಾಮೀನಿನ ಮೇಲೆ ಬಿಡಬೇಕು. ಕಚೇರಿಯಲ್ಲಿ ಇದು ಸಾಹೇಬರು ಫೋನಿನಲ್ಲಿ ಮಾತಾಡುತ್ತ, ತಲೆ ಎತ್ತದೆ ಸಹಿ ಹಾಕಿ ಮುಗಿಸುವ ಬಾಬತ್ತು. ಮೇಡಂ ಒಂದು ಚೀಟಿಯ ಮೇಲೆ ಅವರು ಕೇಳಬೇಕಾದ ಪ್ರಶ್ನೆಗಳನ್ನು ಬರೆಸಿದರು. ಯಾವಾಗ ಹಿಡಿದರು, ಯಾಕೆಂದು ಹೇಳಿದರೇ, ಮನೆಯವರಿಗೆ ತಿಳಿಸಿದರೇ, ಉಂಡೆಯಾ, ನಿನಗೇನಾದರೂ ಹೇಳುವುದಿದೆಯೇ. ತಹಶೀಲ್ದಾರರು ಬೆಳಗಿನಿಂದ ಅದನ್ನು ಪರೀಕ್ಷೆಯ ಹುಡುಗನಂತೆ ಉರು ಹೊಡೆಯುತ್ತಿದ್ದರು.

ಹಿಡಿದು ತರಲು ಆರೋಪಿಗಳು ಬೇಕಲ್ಲ? ಅಧಿಕಾರಿಗಳಲ್ಲಿ ಯಾರೂ ಒಪ್ಪಲಿಲ್ಲ. ನೆಲದ ಮೇಲೆ ಕೂರುವ ಪಾತ್ರ ಅದು. ನನಗೆ ಇದು ಮೊದಲೇ ಗೊತ್ತಿದ್ದರಿಂದ ದೊಡವಾಡದ ಇಬ್ಬರು ದೊಡ್ಡಾಟದ ಕಲಾವಿದರಿಗೆ ರಾತ್ರಿಯೇ ಹೇಳಿಟ್ಟಿದ್ದೆ. ಸಾದಾ ಬಟ್ಟೆಯಲ್ಲಿ ಬನ್ನಿ, ಇಬ್ಬರು ರೈತರು ಹೊಡೆದಾಡಿ ಸಿಕ್ಕಿಬಿದ್ದಂತೆ ಆಡಿದರೆ ಸಾಕು ಎಂದು ಎಸ್‌ಟಿಡಿ ಬೂತಿನಿಂದ ಕೂಗಿ ಕೂಗಿ ತಿಳಿಸಿದ್ದೆ. ಹತ್ತು ಗಂಟೆಗೆ ಬರಬೇಕಾದವರು ಹನ್ನೊಂದಾದರೂ ಬರಲಿಲ್ಲ. ನಾನು ಗೇಟಿನಲ್ಲಿ ನಿಂತು ಅವರ ಮನೆತನವನ್ನೆಲ್ಲ ಉದ್ಧಾರ ಮಾಡುತ್ತಿದ್ದೆ.

ಇತ್ತ ನಾಟಕದ ಆರೋಪಿಗಳಿಗೆ ನಾನು ಕಾಯುತ್ತಿದ್ದರೆ, ಅತ್ತ ಅದೇ ತಹಶೀಲ್ದಾರರ ತಾಲೂಕಿನಲ್ಲಿ ನಿಜದ ಆರೋಪಿಗಳು ತಹಶೀಲ್ದಾರರಿಗೆ ಕಾಯುತ್ತಿದ್ದರು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಇಬ್ಬರು ಅಣ್ಣತಮ್ಮಂದಿರು. ಅಂಗಳ ಪಾಲಾಗಿತ್ತು. ಅಣ್ಣನ ಮಗಳ ಮದುವೆ. ಮನೆಯ ಮುಂದೆ ಹಂದರಗಂಬ ನೆಡುವಾಗ ಅಣ್ಣ ತೋಡಿದ ಕುಣಿ ಒಂದು ಗೇಣು ತಮ್ಮನ ಅಂಗಳದೊಳಗೆ ಹೋಗಿತ್ತು. ತಮ್ಮ ಕೇಳಿದ, ಅಣ್ಣ ರೇಗಿದ, ಹಂದರಕ್ಕೆ ತಂದ ಗಳುಗಳೇ ಬಡಿಗೆಗಳಾದವು. ಯಾರೋ ಫೋನ್ ಮಾಡಿದರು, ಪೊಲೀಸರು ಬಂದು ಇಬ್ಬರನ್ನೂ ಕರೆದೊಯ್ದರು. ಮರುದಿನ ಇಬ್ಬರನ್ನೂ ಕರೆತಂದು ನೋಡಿದರೆ ಕಚೇರಿಯಲ್ಲಿ ತಹಶೀಲ್ದಾರರಿಲ್ಲ, ಅವರ ಕೆಳಗಿನವರೂ ಇಲ್ಲ. ಸಾಹೇಬರೆಲ್ಲ ಮಾನವ ಹಕ್ಕಿನ ಟ್ರೇನಿಂಗಿಗೆ ಹೋಗಿದ್ದಾರೆ, ನಾಳೆ ಬನ್ನಿ ಎಂದು ಜವಾನರು ಅಂದರಂತೆ. ನಾಳೆ ಬೆಳಿಗ್ಗೆ ಮಗಳ ಮದುವೆ. ಅಣ್ಣ ಕಚೇರಿಯ ಕಟ್ಟೆಯ ಮೇಲೆ ತಲೆ ಹಿಡಿದು ಕುಳಿತುಬಿಟ್ಟ. ಕಾವಲಿಗೆ ಬಂದ ಹವಾಲ್ದಾರರಿಗೂ ಹೆಣ್ಣುಮಕ್ಕಳಿದ್ದರು. ಅಂದ ಮೇಲೆ ಸಾಹೇಬರು ಎಲ್ಲಿದ್ದಾರೋ ಕಚೇರಿ ಅಲ್ಲೇ ಎಂದುಕೊಂಡು ಇಬ್ಬರನ್ನೂ ಬಸ್ಸಿಗೆ ಹತ್ತಿಸಿ ಕಿತ್ತೂರಿಗೆ ಕರೆತಂದರು.

ನಾನು ಗೇಟಿನಲ್ಲಿ ಕಂಡದ್ದು ಇಷ್ಟು: ಮುಂದೆ ಒಬ್ಬ ಹವಾಲ್ದಾರ, ಹಿಂದೆ ಟವೆಲ್ಲು ಹೆಗಲಿಗೆ ಹಾಕಿಕೊಂಡ ಇಬ್ಬರು.

"ಏನ ಮಾರಾಯರೋ, ಈಗ ಬರೂದೇನು? ಸಾಹೇಬರು ಕುಂತ ಬಿಟ್ಟಾರ. ನಡೀರಿ, ನಡೀರಿ ಒಳಗ!"

"ಬಸ್ ತಡಾ ಆತ್ರಿ ಅಕ್ಕಾರ" ಎಂದರು ಹವಾಲ್ದಾರರು. "ತಹಶೀಲ್ದಾರ ಸಾಹೇಬರು ಇಲ್ಲೇ ಅದಾರಲ್ರಿ?"

"ಅದಾರ. ನಿಮ್ಮ ಹಾದೀನ ಕಾಯಾಕತ್ತಾರ."

ಹವಾಲ್ದಾರರ ಮುಖ ಅರಳಿತು. ಪಾಪ, ಹೇಳದೆ ಕೇಳದೆ ಬಂದವರಿಗೆ ಇಂಥ ಸ್ವಾಗತ. ನನಗೂ ಖುಷಿಯೇ. ಇಬ್ಬರನ್ನು ಕರೆದರೆ ಪೊಲೀಸ್ ಪಾತ್ರದವನನ್ನೂ ತಂದಿದ್ದಾರೆ, ಖಾಕಿ ಮಾಸಿದೆ, ಹೊಟ್ಟೆ ಸರಿಯಾದ ಅಳತೆಯಲ್ಲಿದೆ. ಒಬ್ಬನ ಅಂಗಿ ಹೆಗಲ ಹತ್ತಿರ ಹರಿದಿದೆ, ಇನ್ನೊಬ್ಬನ ಹುಬ್ಬಿನ ಮೇಲೆ ಬಾವು. ಬಣ್ಣ ಎಷ್ಟು ಚೆಂದ ಹಚ್ಚಿಕೊಂಡಿದ್ದಾರೆ, ಹಚ್ಚಿದ್ದೇ ಗೊತ್ತಾಗುವುದಿಲ್ಲ ಎಂದು ಮೆಚ್ಚಿಕೊಂಡೆ.

ವೇದಿಕೆಯ ಮೇಲೆ ಥರ್ಮಾಕೋಲ್ ಹಂಸಗಳ ನಡುವೆ ತಹಶೀಲ್ದಾರರು ಕುಳಿತಿದ್ದರು. ಹವಾಲ್ದಾರರು ಸೆಲ್ಯೂಟ್ ಹೊಡೆದು ಕಾಗದ ಟೇಬಲ್ಲಿನ ಮೇಲಿಟ್ಟರು. ತಹಶೀಲ್ದಾರರು ಕಾಗದ ನೋಡಲಿಲ್ಲ. ಚೀಟಿ ನೋಡಿದರು. ಆಮೇಲೆ ಮೇಡಂ ಹೇಳಿಕೊಟ್ಟಂತೆ ತಲೆ ಎತ್ತಿ ಆರೋಪಿಯ ಮುಖ ನೋಡಿದರು.

"ನಿಮ್ಮನ್ನ ಯಾವಾಗ ಹಿಡಿದ್ರು?"

"ನಿನ್ನೆ ಸಂಜೀ ಮುಂದ್ರಿ" ಎಂದ ಅಣ್ಣ.

"ಯಾಕ ಹಿಡಿದ್ರು ಅಂತ ನಿಮಗ ಹೇಳಿದ್ರೇನು?"

"ಹೇಳೂದೇನ್ರಿ ಸಾಹೇಬ್ರ, ನಮಗ ಗೊತ್ತಿತ್ತು. ಹೊಡದಾಡಾಕತ್ತಿದ್ವಿ."

ಸಭೆ ನಕ್ಕಿತು. ನಾನು ಮೇಡಂಗೆ ಇಂಗ್ಲಿಷಿನಲ್ಲಿ ಹೇಳುತ್ತ ಹೋದೆ, ಅವರೂ ನಕ್ಕರು.

"ಮನೀಗೆ ಸುದ್ದಿ ಮುಟ್ಟಿಸ್ಯಾರೇನು?"

"ಮನಿಯವರ ಮುಂದನ ಹಿಡಕೊಂಡ ಬಂದಾರ್‍ರಿ. ನನ್ನ ಮಗಳು ಅರಿಷಿಣ ಹಚಗೊಂಡ ನಿಂತಿದ್ಲು. ನೋಡಕೋತ ನಿಂತ್ಲು."

ಇಲ್ಲಿ ಯಾರೂ ನಗಲಿಲ್ಲ. ನಾನು ಮೇಡಂಗೆ ಅರಿಷಿಣ ಎಂದರೇನು ಎಂದು ವಿವರಿಸಿದೆ.

"ಊಟಾ ಮಾಡಿರೇನು?"

"ನಮ್ಮಣ್ಣ ಉಂಡಿಲ್ರಿ" ಎಂದ ತಮ್ಮ, ಮೊದಲ ಸಲ ಬಾಯಿಬಿಟ್ಟು.

"ನೀ ಎಲ್ಲಿ ಉಂಡಿ?" ಎಂದ ಅಣ್ಣ ಅವನ ಕಡೆ ತಿರುಗಿ. "ಸ್ಟೇಶನ್ನಿನಾಗ ರೊಟ್ಟಿ ಕೊಟ್ರ ಅಣ್ಣಗ ಕೊಡ್ರಿ ಅಂತ ನನ್ನ ಕಡೆ ದೂಡಿದಿ. ನಾ ಹೆಂಗ ಉಣ್ಣಲಿ?"

ತಹಶೀಲ್ದಾರರು ಚೀಟಿಯ ಕೊನೆಯ ಸಾಲಿಗೆ ಬಂದರು. "ನಿಮಗ ಏನರ ಹೇಳೂದೈತೇನು?"

ಅಣ್ಣ ಟವೆಲ್ಲನ್ನು ಹೆಗಲಿನಿಂದ ತೆಗೆದ. ಕೈಯಲ್ಲಿ ಮುದ್ದೆ ಮಾಡಿ ಹಿಡಿದುಕೊಂಡ. "ನಾಳೆ ಮುಂಜಾನೆ ಅಕ್ಕಿಕಾಳು ಐತ್ರಿ. ಸಾಲಹಳ್ಳಿಯಿಂದ ಬೀಗರು ಬರತಾರ್‍ರಿ. ಮಗಳು ಒಬ್ಬಾಕೀನ ರೀ ನನಗ. ಹೆತ್ತಪ್ಪ ಇಲ್ಲದ ಆಕಿ ತಲಿ ಮ್ಯಾಲೆ ಯಾರ ಅಕ್ಕಿಕಾಳು ಹಾಕಬೇಕ್ರಿ? ಇವ ನನ್ನ ತಮ್ಮ, ಆಕೀನ ಹೆಗಲ ಮ್ಯಾಲೆ ಹೊತ್ತ ಬೆಳಸಿದಾಂವ. ಇವನೂ ಇಲ್ಲೇ. ಒಂದು ಗೇಣ ಮಣ್ಣಿಗೆ ನಾವಿಬ್ಬರೂ ಇಲ್ಲಿ ಬಂದ ನಿಂತೇವಿ. ನನ್ನ ಬ್ಯಾರೆ ಏನರ ಮಾಡ್ರಿ ಸಾಹೇಬ್ರ, ನಾಳೆ ಒಂದ ದಿನ ಬಿಡ್ರಿ. ಆಮ್ಯಾಲೆ ನಾನ ಬಂದ ನಿಂದರತೇನಿ." ಅಷ್ಟು ಹೇಳುವುದರೊಳಗೆ ಅವನ ದನಿ ಒಡೆಯಿತು. ಗಟ್ಟಿ ಗಂಡಾಳು, ಟವೆಲ್ಲಿನಲ್ಲಿ ಮುಖ ಮುಚ್ಚಿ ಹೋ ಎಂದು ಅತ್ತ. ತಮ್ಮ ಅವನ ಬೆನ್ನ ಮೇಲೆ ಕೈಯಿಟ್ಟು ತಾನೂ ಅತ್ತ.

ಚಪ್ಪಾಳೆ ಹಿಂದಿನ ಸಾಲಿನಿಂದ ಶುರುವಾಯಿತು. ಮುಂದೆ ಬಂತು. ಇಡೀ ಹಾಲ್ ಚಪ್ಪಾಳೆ ಬಡಿಯಿತು. ಒಬ್ಬರು ಸಿಳ್ಳೆ ಹಾಕಿದರು. ಮೇಡಂ ಎದ್ದು ನಿಂತು ಬಡಿದರು. ನಾನು ಮೈಕನ್ನು ಕಂಕುಳಲ್ಲಿ ಇರುಕಿಕೊಂಡು ಬಡಿದೆ. ದೊಡವಾಡದವರು ದೊಡವಾಡದವರೇ ಎಂದು ಹೆಮ್ಮೆಪಟ್ಟೆ.

ಚಪ್ಪಾಳೆಯ ಭರದಲ್ಲಿ ತಹಶೀಲ್ದಾರರಿಗೆ ಆವೇಶ ಬಂದಿತ್ತು. ಎದ್ದು ನಿಂತು ಕೈ ಚಾಚಿದರು. "ಇನ್ನ ಮ್ಯಾಲೆ ಜಗಳಾಡೂದಿಲ್ಲ ಅಂತ ಮಾತ ಕೊಡ್ರಿ. ಕೊಟ್ರಿ? ಹೋಗ್ರಿ, ನಿಮ್ಮನ್ನ ಬಿಟ್ಟೇನಿ. ಮಗಳ ಮದುವಿ ಮಾಡ್ರಿ!" ಮತ್ತೆ ಚಪ್ಪಾಳೆ. ಅಣ್ಣತಮ್ಮಂದಿರು ಅವರ ಕಾಲಿಗೆ ಬಿದ್ದು, ಸಭೆಗೆ ಕೈಮುಗಿದು, ಬಾಗಿಲಿನಿಂದ ಹೊರಟೇ ಹೋದರು. ಬಸ್‌ಸ್ಟ್ಯಾಂಡಿನ ಕಡೆ ಅವರು ಓಡಿದ್ದನ್ನು ಅಡುಗೆಯವರು ನೋಡಿದ್ದಾರೆ. ಹವಾಲ್ದಾರರು ಕಾಗದ ಮುಂದೆ ಹಿಡಿದರು. ತಹಶೀಲ್ದಾರರು ಮೇಡಂ ಕೈ ಕುಲುಕುತ್ತಿದ್ದರು, ಆಯ್ತು ಆಯ್ತು ಎಂದು ಕೈಯಾಡಿಸಿದರು. ಊಟದ ಮೇಲೆ ಸಹಿ ಮಾಡುತ್ತಾರೆಂದು ಹವಾಲ್ದಾರರು ಹೋಗಿ ಪಂಕ್ತಿಯಲ್ಲಿ ಕುಳಿತರು.

ಅನ್ನ ಬಡಿಸುವ ಹೊತ್ತಿಗೆ ಬಾಗಿಲಲ್ಲಿ ಗೆಜ್ಜೆಯ ಸಪ್ಪಳವಾಯಿತು. ಇಬ್ಬರು ಬಂದು ನಿಂತರು. ಮುಖದ ತುಂಬ ಬಣ್ಣ, ಗಲ್ಲಿಮೀಸೆ, ಮಕಮಲ್ಲಿನ ಅಂಗಿ, ಭುಜಕೀರ್ತಿ. ಒಬ್ಬನ ಸೊಂಟದಲ್ಲಿ ಕಟ್ಟಿಗೆಯ ಕತ್ತಿ.

"ತಡಾ ಆತ್ರಿ ಅಕ್ಕಾರ" ಎಂದ ಕತ್ತಿಯವನು. "ಹೊರದೇಶದವರು ಬರತಾರ ಅಂದ್ರಲ್ರಿ, ಸಾದಾ ಅರಿವ್ಯಾಗ ಬಂದ್ರ ದೊಡವಾಡದ ಮರ್‍ಯಾದಿ ಏನಾಗತೈತಿ ಅಂತ ಬಣ್ಣಾ ಹಚಗೊಂಡ ಬಂದ್ವಿ. ಬಸ್ಸಿನಾಗ ಹುಡುಗೂರು ಇಳಿಯಾಕ ಬಿಡಲಿಲ್ರಿ. ನಮ್ಮ ಪ್ರವೇಶ ಯಾವಾಗ್ರಿ?"

ಪಂಕ್ತಿಯಲ್ಲಿ ಕುಳಿತ ಹವಾಲ್ದಾರರನ್ನು ನೋಡಿದೆ. ಅವರು ಸಾರು ಹೀರುತ್ತಿದ್ದರು.

"ಹವಾಲ್ದಾರ್ರ, ನೀವು ಖರೇ ಪೊಲೀಸರೇನ್ರಿ?"

ಅವರಿಗೆ ಅವಮಾನವಾಯಿತು. "ಮತ್ತೇನ್ರಿ ಅಕ್ಕಾರ?"

ತಹಶೀಲ್ದಾರರ ಕೈಯಲ್ಲಿನ ತುತ್ತು ಎಲೆಗೆ ಬಿತ್ತು. ಮುಖ ಹುಳ್ಳಗಾಯಿತು. ಕಾಗದ ತರಿಸಿ ಈಗ ಓದಿದರು. ಓದಿದಂತೆ ಬೆವರಿದರು. ನಿಜದ ಆರೋಪಿಗಳನ್ನು ಮುಚ್ಚಳಿಕೆಯಿಲ್ಲದೆ, ಸಹಿಯಿಲ್ಲದೆ, ಕಚೇರಿಯ ಮೊಹರು ಒತ್ತುವ ಶಿಕ್ಕೆಯೂ ಇಲ್ಲದೆ, ನಾಟಕದಲ್ಲಿ ಬಿಟ್ಟುಬಿಟ್ಟಿದ್ದರು. ನಾಳೆ ಅವರು ಮತ್ತೆ ಹೊಡೆದಾಡಿ ಒಬ್ಬ ಸತ್ತರೆ ಯಾರು ಹೊಣೆ?

"ಜೀಪ್ ತಗೀರಿ. ಹಾದ್ಯಾಗ ಬಸ್ ತಡದು ಇಬ್ಬರನ್ನೂ ಕರಕೊಂಡ ಬರ್ರಿ" ಎಂದು ಹವಾಲ್ದಾರರಿಗೆ ಕೂಗಿದರು.

ನನಗೆ ಪಿತ್ತ ನೆತ್ತಿಗೇರಿತು. ಎಲ್ಲರ ಮುಂದೆ ಅಂದುಬಿಟ್ಟೆ. "ಕರಕೊಂಡ ಬಂದು ಏನ ಮಾಡತೀರಿ ಸಾಹೇಬ್ರ? ನಿಮ್ಮ ಶಿಕ್ಕೆ ಕಚೇರ್‍ಯಾಗ ಐತಿ, ಕಪಾಟಿನ ಕೀಲಿ ನಿಮ್ಮ ಕ್ಲಾರ್ಕರ ಹಂತ್ಯಾಕ ಐತಿ, ಕ್ಲಾರ್ಕರು ಇಲ್ಲೇ ಸರ್ಟಿಫಿಕೇಟಿಗೆ ಕುಂತಾರ. ನಾಳೆ ಮಧ್ಯಾಹ್ನ ಬಿಡತೀರಿ. ಅಷ್ಟರಾಗ ಆ ಹುಡುಗೀ ತಲಿ ಮ್ಯಾಲೆ ಅಕ್ಕಿಕಾಳು ಬಿದ್ದಿರತಾವು, ಅಪ್ಪ ಇರೂದಿಲ್ಲ."

"ಕಾನೂನು ಅಂತ ಐತಲ್ರಿ" ಎಂದರು ಅವರು. ಆದರೆ ದನಿ ಸಣ್ಣದಾಗಿತ್ತು.

ಗದ್ದಲ ನೋಡಿ ಮೇಡಂ ಏನಾಯಿತೆಂದು ಕೇಳಿದರು. ಹೇಳಿದೆ. ಮೊದಲು ನಕ್ಕರು, ಬಣ್ಣದವರನ್ನು ನೋಡಿ ಇನ್ನಷ್ಟು ನಕ್ಕರು. ಆಮೇಲೆ ನಗು ನಿಂತಿತು. ತಹಶೀಲ್ದಾರರ ಪಕ್ಕದ ಮಣೆಗೆ ಕಷ್ಟಪಟ್ಟು ಮಂಡಿ ಮಡಚಿ ಕುಳಿತು, ನೀವು ಈ ಪ್ರಶ್ನೆಗಳನ್ನು ಇದುವರೆಗೆ ಯಾರಿಗಾದರೂ ಕೇಳಿದ್ದೀರಾ ಎಂದರು. ಇಲ್ಲ ಎಂದರು ತಹಶೀಲ್ದಾರರು, ನನ್ನ ಅನುವಾದಕ್ಕೆ ಕಾಯದೆ. ಹಾಗಾದರೆ ಮೊದಲ ಸಲ ಕೇಳಿ ತಿಳಿದು ಕೊಟ್ಟ ನಿಮ್ಮ ತೀರ್ಪಿನಲ್ಲಿ ತಪ್ಪೇನಿತ್ತು ಎಂದರು ಮೇಡಂ. ತಹಶೀಲ್ದಾರರು ಎಲೆ ಮಡಚಿದರು. ತಜ್ಞರ ಸಲಹೆ ಎಂದು ಆ ಎರಡು ದಿನದಲ್ಲಿ ಯಾರಿಗಾದರೂ ಸಿಕ್ಕಿದ್ದರೆ ಅದು ಅಷ್ಟೇ.

"ನಾವ ಹೋಗೂನು" ಎಂದರು ತಹಶೀಲ್ದಾರರು. "ನಾಳೆ ನಸಕಿನ್ಯಾಗ ಕಚೇರಿ ತಗಸಿ ಮುಚ್ಚಳಿಕಿ, ಶಿಕ್ಕೆ, ಶಾಯಿ ಡಬ್ಬಿ ತಗೊಂಡ ಮದುವಿ ಮನೀಗೇ ಹೋಗೂನು. ಅಲ್ಲೇ ಹೆಬ್ಬಟ್ಟ ಹಚಗೋಳೂನು."

ದೊಡವಾಡದವರಿಗೆ ಬಣ್ಣ ಸಮೇತ ಊಟ ಹಾಕಿದೆವು. ಒಬ್ಬ ಸಾಹೇಬರು ಅವರಿಗೂ ಒಂದು ಹಾರ ಹಾಕಿ ಸತ್ಕರಿಸಿದರು. ಉಳಿದಿತ್ತು.

ಮರುದಿನ ಬೆಳಿಗ್ಗೆ ಜೀಪಿನಲ್ಲಿ ತಹಶೀಲ್ದಾರರು, ಹವಾಲ್ದಾರರು, ನಾನು, ಬರುತ್ತೇನೆಂದು ಹಟ ಹಿಡಿದ ಮೇಡಂ. ಊರು ಹೊಕ್ಕಾಗ ಬಾಜಾ ಕೇಳುತ್ತಿತ್ತು. ಹಂದರ ಕಂಡಿತು. ಮುಂದಿನ ಗಂಬ ತಮ್ಮನ ಅಂಗಳದೊಳಗೆ ಒಂದು ಗೇಣಲ್ಲ, ನಾಕು ಮೊಳ ಒಳಗೆ ನಿಂತಿತ್ತು. ಬೆಳಕು ಹರಿಯುವ ಮೊದಲೇ ತಮ್ಮ ತಾನೇ ಕಿತ್ತು ತಾನೇ ತೋಡಿ ನೆಟ್ಟಿದ್ದನಂತೆ. ಜೀಪು ನಿಂತಿತು. ಖಾಕಿ ಇಳಿಯಿತು. ಬಾಜಾ ನಿಂತಿತು.

ಅಷ್ಟು ಮಂದಿಯಿದ್ದ ಹಂದರದಲ್ಲಿ ಒಂದು ಕೂಸು ಅಳುವುದಷ್ಟೇ ಕೇಳುತ್ತಿತ್ತು. ಹೆಣ್ಣುಮಕ್ಕಳು ಅಕ್ಕಿಕಾಳು ಹಿಡಿದ ಮುಷ್ಟಿ ಬಿಗಿಹಿಡಿದು ನಿಂತುಬಿಟ್ಟರು. ಅಣ್ಣ ಗುಂಪಿನಿಂದ ಹೊರಗೆ ಬಂದ. ತಲೆಯಲ್ಲಿ ಹೊಸ ಪಟಗಾ. ನಮ್ಮನ್ನು ನೋಡಿದ, ಹವಾಲ್ದಾರರನ್ನು ನೋಡಿದ. ಪಟಗಾ ಎರಡೂ ಕೈಯಲ್ಲಿ ತೆಗೆದು ತಮ್ಮನ ತಲೆಗಿಟ್ಟ. ಆಮೇಲೆ ತಹಶೀಲ್ದಾರರ ಹತ್ತಿರ ಬಂದು, ಬೀಗರಿಗೆ ಕೇಳದಂತೆ ಸಣ್ಣ ದನಿಯಲ್ಲಿ ಅಂದ.

"ಅಕ್ಕಿಕಾಳು ಬೀಳೂ ತನಕ ಒಂದ ಚೂರು ನಿಂದರ್‍ರಿ ಸಾಹೇಬ್ರ. ದೂರ ನಿಂತ ನೋಡತೇನಿ. ಆಮ್ಯಾಲೆ ಜೀಪ್ ಹತ್ತತೇನಿ."

ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ತಹಶೀಲ್ದಾರರು ಮುಂದೆ ಬಂದರು. ತಮ್ಮನ ತಲೆಯಿಂದ ಪಟಗಾ ತೆಗೆದು ತಾವೇ ಅಣ್ಣನ ತಲೆಗೆ ಇಟ್ಟರು, ಸೊಟ್ಟಗಿಟ್ಟರು, ಸರಿ ಮಾಡಿದರು. "ಕರಕೊಂಡ ಹೋಗಾಕ ಬಂದಿಲ್ಲೋ ಮಾರಾಯಾ. ಒಂದು ಹೆಬ್ಬಟ್ಟ ಬೇಕಾಗಿತ್ತು. ಮದಲ ಮದುವಿ ಮಾಡು, ನಾವು ಕುಂಡರತೇವಿ."

ಬಾಜಾ ಮತ್ತೆ ಶುರುವಾಯಿತು. ಅಕ್ಕಿಕಾಳು ಬಿದ್ದವು. ಅಪ್ಪ ಮೊದಲ ಮುಷ್ಟಿ ಹಾಕಿದ. ಮಗಳು ಅಪ್ಪನನ್ನು ಬಿಟ್ಟು ಬೇರೆ ಯಾರನ್ನೂ ನೋಡಲಿಲ್ಲ, ಮದುಮಗನನ್ನೂ ನೋಡಲಿಲ್ಲ. ಆಮೇಲೆ ಹೆಬ್ಬಟ್ಟುಗಳಾದವು. ಜಾಮೀನಿಗೆ ಯಾರು ಎಂದಾಗ ಸಾಲಹಳ್ಳಿಯ ಬೀಗರು ತಾವೇ ಮುಂದೆ ಬಂದು ಸಹಿ ಹಾಕಿದರು. ಹೆಣ್ಣು ಕೊಟ್ಟವನಿಗೆ ಮದುವೆಯ ದಿನವೇ ಜಾಮೀನು ನಿಂತ ಬೀಗರನ್ನು ನಾನು ಅದೊಂದೇ ಸಲ ಕಂಡದ್ದು. ಮುಚ್ಚಳಿಕೆಯ ಒಂದು ಮೂಲೆಗೆ ಅರಿಷಿಣ ಹತ್ತಿತು. ಶಿಕ್ಕೆಯನ್ನು ಅದರ ಮೇಲೇ ಒತ್ತಿದರು.

ಪಂಕ್ತಿಯಲ್ಲಿ ನಮಗೆ ಗೋಧಿ ಹುಗ್ಗಿ ಬಡಿಸಲು ಅಣ್ಣನೇ ಬಂದ. ಮೇಡಂ ಎಲೆಗೆ ಎರಡು ಸವುಟು ಹಾಕಿ, ತುಪ್ಪ ಸುರಿದು, ನನ್ನ ಮುಂದೆ ಕುಕ್ಕರುಗಾಲಲ್ಲಿ ಕುಳಿತ. ಮುಖದಲ್ಲಿ ಸಿಟ್ಟಿರಲಿಲ್ಲ. ತಿಳಿಯದ್ದನ್ನು ತಿಳಿದವರ ಹತ್ತಿರ ಕೇಳುವ ಮುಖ.

"ಒಂದ ಮಾತ ಕೇಳಲೇನ್ರಿ ಅಕ್ಕಾರ?"

"ಕೇಳ್ರಿ."

"ನಿನ್ನೆ ನಾ ಅಳೂ ಮುಂದ ನೀವೆಲ್ಲಾರೂ ಚಪ್ಪಾಳಿ ಯಾಕ ಬಡದ್ರಿ?"

ನಾನು ತಹಶೀಲ್ದಾರರ ಕಡೆ ನೋಡಿದೆ. ತಹಶೀಲ್ದಾರರು ನೀರು ಕುಡಿದರು. ಆಮೇಲೆ ಅವರೇ ಹೇಳಿದರು. "ನಾಟಕ ಅಂತ ತಿಳಿದಿದ್ವಿಪಾ. ನೀವು ನಾಟಕದವರು ಅಂತ."

ಅಣ್ಣ ಸವುಟನ್ನು ಬಕೆಟ್ಟಿನ ಅಂಚಿಗೆ ಒರೆಸಿದ.

"ನಾಟಕಾದರೂ ರೀ" ಎಂದ. "ನಮ್ಮೂರಾಗ ಆಟದಾಗ ಯಾರರ ಅತ್ರ, ನಾವೂ ಅಳತೇವ್ರಿ."

ಅಷ್ಟು ಹೇಳಿ ಮುಂದಿನ ಎಲೆಗೆ ಬಡಿಸಲು ಎದ್ದುಹೋದ. ಮೇಡಂ ನನ್ನ ಮೊಣಕೈ ಮುಟ್ಟಿ ಅವನೇನಂದ ಎಂದು ಕೇಳಿದರು. ಆ ಎರಡು ದಿನ ನಾನು ಅವರ ಮಾತನ್ನು ಇವರಿಗೆ, ಇವರ ಮಾತನ್ನು ಅವರಿಗೆ ತಿದ್ದಿ ತೀಡಿ, ಸಕ್ಕರೆ ಹಾಕಿ ದಾಟಿಸಿದ್ದೆ. ಈ ಮಾತನ್ನು ಮಾತ್ರ ಇದ್ದದ್ದು ಇದ್ದ ಹಾಗೆ ಹೇಳಿದೆ.